ಐದನೆಯ ಗೀರು

ಕುಬಾಚಿಯಲ್ಲಿ ಕೆಳಗಿನವರ ಮಾಳಿಗೆಯೇ
ಮೇಲಿನವರ ಅಂಗಳ.
ಉಳಲು ನೆಲವಿಲ್ಲ. ಬೆಳ್ಳಿಯನ್ನೇ ಉತ್ತು
ಬಳ್ಳಿ ಬೆಳೆದು ಬದುಕಿದ್ದೇವೆ.

ಹಿಮ ಕರಗುವ ವಾರ ಕಿಸ್ತಮಾನ್ ಬಂದಳು,
ಕಣಿವೆಯಾಚೆಯ ಮುದುಕಿ, ಹೇಸರಗತ್ತೆಯ ಮೇಲೆ.
ಹಿಟ್ಟಿನ ಚೀಲಕ್ಕೆ ಕೈ ಹಾಕಿ ತೆಗೆದು
ನಿದ್ದೆಹೋದ ಕೂಸನ್ನು ಇಳಿಸುವಂತೆ ಇಳಿಸಿದಳು
ಗಂಡನ ಪಿಸ್ತೂಲನ್ನು.
"ನಿಮ್ಮ ಮನೆಯದೇ ಕೆಲಸ."

ಹೌದು, ಅಪ್ಪನ ಕೈ.
ಹಿಡಿಯ ತುದಿಗೆ ದಂತದ ಚೆಂಡು,
ಓಡುವ ಕುದುರೆಯ ಮೇಲೂ ಬೆರಳಿಗೆ ಸಿಗಲೆಂದು.
ಇದರ ಕುದುರೆಯೋ, ಕಾಳುಮೆಣಸಿನಷ್ಟು.
ಉದ್ದಕ್ಕೂ ಕಪ್ಪು ತುಂಬಿದ ಬೆಳ್ಳಿಯ ಪೊದೆ,
ಎಲ್ಲಿ ಹುಟ್ಟಿ ಎಲ್ಲಿ ಮುಗಿಯಿತೆಂದು
ಹೇಳಲಾಗದ ಮರ್ಖರಾಯ್.
ಅಲ್ಲಿ ಎಲೆಗೆ ಎಲೆಯ ಮೇಲೆ ಹಗೆಯಿಲ್ಲ.

ಆ ಪೊದೆಗೆ ಅಡ್ಡಲಾಗಿ ಐದು ಗೀರು.

"ಐದು ಜನ," ಎಂದಳು. "ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.
ಅವನು ಮಲಗಿದ ಮೇಲೆ ಬೆರಳಾಡಿಸಿ ಎಣಿಸುತ್ತಿದ್ದೆ.
ಈಗ ಮೊಮ್ಮಗನ ಮದುವೆ. ಸೊಂಟಕ್ಕೆ ಇದೇ ಬೇಕಂತೆ.
ಅಳಿಸಿಬಿಡು ಅಬಾಕರ್."

ಅಳಿಸಲು ಬಾರದು ಅಜ್ಜಿ,
ಉಜ್ಜಿದರೆ ತಗಡು ತೂತಾಗುತ್ತದೆ.
ಗೀರನ್ನೇ ಕಾಂಡ ಮಾಡಿ ಎಲೆ ಹೊರಡಿಸಬಹುದು,
ಅಷ್ಟೇ.

ಒಲೆಯ ಹತ್ತಿರ ಕೂತಳು. ಕೊಟ್ಟ ಚಹಾ ಆರಿತು.
ಮೊದಲ ಗೀರು ಆಳ, ವಕ್ರ; ಕೈ ನಡುಗಿದ್ದು ತಿಳಿಯುತ್ತದೆ.
ಎರಡನೆಯದಕ್ಕೆ ನಡುಕವಿಲ್ಲ.
ಮೂರು, ನಾಲ್ಕು ಒಂದೇ ದಿನದವು.
ಬಿಡಿಸುತ್ತ ಹೋದೆ.
ಒಳ್ಳೆಯ ಎಲೆಗಳೇ ಬಂದವು; ಅದಕ್ಕೇ ನಾಚಿಕೆ.

ಐದನೆಯದಕ್ಕೆ ಇಟ್ಟ ಚಾಣ ಹಿಂದೆಗೆದೆ.
ಗೀರಿನ ತಳದಲ್ಲಿ ಕಪ್ಪು,
ನಮ್ಮ ಕುಲುಮೆಯಲ್ಲಿ ಕರಗಿಸಿ ತುಂಬಿದ ಕಪ್ಪು.
ಇದು ಚೂರಿಯದಲ್ಲ.
ಅಪ್ಪನ ಚಾಣ ಜಾರಿದ್ದು.
ಯಾರು ಬಾಗಿಲು ಬಡಿದರೋ,
ತೊಟ್ಟಿಲಲ್ಲಿ ನಾನೇ ಚೀರಿದೆನೋ.

"ಅಜ್ಜಿ, ನಾಲ್ಕೇ."

ಬಹಳ ಹೊತ್ತು ಮಾತಿಲ್ಲ.
ಮಾಳಿಗೆಯ ಮೇಲೆ ಯಾರೋ ಉಣ್ಣೆ ಬಡಿಯುತ್ತಿದ್ದರು.
"ಮೂವತ್ತೊಂದು ವರ್ಷ," ಎಂದಳು ಕೊನೆಗೆ,
"ಶುಕ್ರವಾರ ಶುಕ್ರವಾರ ಐದು ರೊಟ್ಟಿ ಹಂಚಿದ್ದೇನೆ
ಸತ್ತವರ ಹೆಸರಿಗೆ.
ಆ ಐದನೆಯದು ಯಾರಿಗೆ ಸಂದಿತು?"

ನನಗೆ ತಿಳಿಯಲಿಲ್ಲ.
"ಅದನ್ನು ಹಾಗೇ ಬಿಡು," ಎಂದಳು.
ಕೂಲಿ ಕೊಟ್ಟಳು. ಮೂತಿ ಕೆಳಗಾಗಿ
ಮತ್ತೆ ಹಿಟ್ಟಿನೊಳಗೆ ಇಳಿಸಿದಳು;
ಹೊಸ ಎಲೆಗಳ ಗೆರೆಯಲ್ಲಿ ಬಿಳಿ ಕೂತಿತು.

ಹೇಸರಗತ್ತೆ ತಿರುವು ದಾಟಿದ ಮೇಲೆ ಹೊಳೆಯಿತು:
ಇಡೀ ಮಧ್ಯಾಹ್ನ ತೊಡೆಯ ಮೇಲಿಟ್ಟು ಕೆತ್ತಿದೆ,
ಮೂತಿ ಅವಳತ್ತ.
ಒಳಗೆ ಗುಂಡಿದೆಯೇ ಎಂದು
ಇಬ್ಬರೂ ನೋಡಿರಲಿಲ್ಲ.