ಕತ್ತರಿಮೊಳೆ

ಲಕೋಟೆಯ ಮೇಲಿದ್ದದ್ದು ಎರಡೇ ಮಾತು:
ಕ್ಯಾಟರ್‌ಮೋಲ್, ಮೈಸೂರು.
ಬೀದಿಯಿಲ್ಲ, ಬಾಗಿಲ ನಂಬರಿಲ್ಲ, ಪಿನ್‌ಕೋಡಿಲ್ಲ.
ರಾಣಿತಲೆಯ ಚೀಟಿ, ನಾರ್ಫೋಕಿನ ಮುದ್ರೆ,
ಎಲ್ಲೋ ನೆನೆದು ಕದಡಿದ ನೀಲಿ ಶಾಯಿ.

'ವಿಳಾಸ ಅಪೂರ್ಣ, ವಾಪಸು ಒತ್ತಮ್ಮ' ಅಂದರು
ಪುಟ್ಟಮಾದಪ್ಪನವರು, ಠಸ್ಸೆ ಚಾಚುತ್ತ.
ನನಗೆ ಆ ಹೆಸರು ಗೊತ್ತಿತ್ತು.
ತೊಂದರೆಯೇ ಅದು, ನಾಕು ಕಡೆ ಗೊತ್ತಿತ್ತು.

ಲಷ್ಕರ್ ಮೊಹಲ್ಲಾದ ಡಲ್ಸಿ ಮಿಸ್,
ರೈಲ್ವೆ ಗಾರ್ಡನ ಮಗಳು, ನನಗೆ ಟೈಪಿಂಗ್ ಕಲಿಸಿದವರು.
ಭಾನುವಾರ ಚರ್ಚಿನ ಗಂಟೆಗೆ ಮೊದಲು
ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ ಬೋರ್ಡು:
ಡಿ. ಕ್ಯಾಟರ್‌ಮೋಲ್, ಜೂನಿಯರ್, ಸೀನಿಯರ್.

ರೇಸ್‌ಕೋರ್ಸಿನ ಹಿಂದೆ ಲಾಳ ಕಟ್ಟುವ ಅಂತೋಣಿಯಪ್ಪ.
ಅವನ ಮುತ್ತಾತ ಯಾರೋ ದೊರೆಯ ಕುದುರೆ ತಿಕ್ಕುತ್ತಿದ್ದ;
ದೀಕ್ಷಾಸ್ನಾನದ ದಿನ ಪಾದ್ರಿ 'ಮನೆತನ?' ಅಂದಾಗ
ಬಾಯಿಗೆ ಬಂದದ್ದು ಕುದುರೆಯ ಒಡೆಯನ ಹೆಸರು.
ಈಗ ಮತದಾರರ ಪಟ್ಟಿಯಲ್ಲಿ ಹದಿನಾರು ಜನ,
ಹದಿನಾರು ಥರದ ಕಾಗುಣಿತ.

ಮಂಡಿ ಮೊಹಲ್ಲಾದ ಗಫಾರ್ ಸಾಹೇಬರು
ಅಂಗಡಿ ಕೊಂಡಾಗ ಹಲಗೆಯೂ ಜೊತೆಗೇ ಬಂತು:
ಕ್ಯಾಟರ್‌ಮೋಲ್ ಅಂಡ್ ಸನ್ಸ್, ಟೈಲರ್ಸ್.
ಅಳಿಸಿ ಬರೆಯಲು ಪೇಂಟರು ಇಪ್ಪತ್ತು ರೂಪಾಯಿ ಕೇಳಿದ.
'ಇರಲಿ ಬಿಡು, ಗಂಡುಮಕ್ಕಳು ಹೇಗೂ ಆಗ್ತಾರೆ' ಅಂದರಂತೆ.
ಆದದ್ದು ಐದೂ ಹೆಣ್ಣು.
ಹಲಗೆ ಹಾಗೇ ಇದೆ.

ಇನ್ನು ಮಂಡ್ಯದ ಕಡೆಯ ಒಂದು ನಾಲೆ.
ತೂಬು ಇಡಿಸಿದ ಓವರ್‌ಸೀಯರನ ಹೆಸರು
ಊರ ಬಾಯಲ್ಲಿ ನೆಂದೂ ನೆಂದೂ
ಕತ್ತರಿಮೊಳೆ ತೂಬು; ತೂಬಿನ ಕೆಳಗೆ ಕತ್ತರಿಮೊಳೆಕೊಪ್ಪಲು;
ಅಲ್ಲಿಂದ ಬಂದು ಮಾರ್ಕೆಟ್ಟಿನಲ್ಲಿ ವೀಳ್ಯದೆಲೆ ಮಾರುವಾಕೆ
ಪಾಸ್‌ಬುಕ್ಕಿನಲ್ಲಿ ಕೆ. ಚಿಕ್ಕತಾಯಮ್ಮ.
'ಕೆ ಅಂದರೆ?'
'ಕತ್ತರಿ, ಮೊಳೆ. ಎರಡೂ ಕಬ್ಬಿಣ್ವೇ ಕಣವ್ವ,
ತುಕ್ಕಿಡೀತದೆ, ಕೊಳೆಯಾಕಿಲ್ಲ.'

ಶನಿವಾರ ಡ್ಯೂಟಿ ಮುಗಿಸಿ, ನಿಯಮಕ್ಕೆ ಬೆನ್ನು ಹಾಕಿ,
ನಾಲ್ವರನ್ನೂ ಕರೆತಂದೆ ಸಾಹೇಬರ ಅಂಗಡಿಗೆ.
ಡಲ್ಸಿ ಮಿಸ್ ಹೇರ್‌ಪಿನ್ನಿನಿಂದ ಲಕೋಟೆ ಸೀಳಿದರು,
ಓದಿ, ಕನ್ನಡದಲ್ಲಿ ಹೇಳಿದರು:
'ನಮ್ಮ ಮನೆತನದವರಿಗೆ ಎಡಗೈ ಕಿರುಬೆರಳು
ಒಳಕ್ಕೆ ಬಾಗಿರುತ್ತದೆ.
ಅಲ್ಲಿ ಯಾರಿಗಾದರೂ ಹಾಗಿದೆಯೇ?'
ಕೆಳಗೊಂದು ಸಹಿ, ನಡುಗಿದ್ದು.

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಾಲ್ಕು ಎಡಗೈ.
ಅಂತೋಣಿಯಪ್ಪನದು ಬಾಗಿತ್ತು: 'ಕುದುರೆ ಒದ್ದದ್ದು, ಎಂಬತ್ತೆರಡರಲ್ಲಿ.'
ಸಾಹೇಬರದೂ ಬಾಗಿತ್ತು. ಎಡಚರು,
ಮೂವತ್ತು ವರ್ಷದ ಕತ್ತರಿಯ ಹಿಡಿತ.
ಡಲ್ಸಿ ಮಿಸ್ಸಿನದು ಸ್ಕೇಲಿನ ಹಾಗೆ ನೆಟ್ಟಗೆ.
ಅವರು ಅದನ್ನೇ ಬಹಳ ಹೊತ್ತು ನೋಡಿದರು,
ಆಮೇಲೆ ಮಡಿಲಿಗೆ ತೆಗೆದುಕೊಂಡರು.

ಉಳಿದದ್ದು ಸುಣ್ಣದ ಕಲೆಯ ಒಂದು ಕೈ.
'ಹುಟ್ಟಿದಾಗಿಂದ ಹಿಂಗೇಯ' ಅಂದಳು ಚಿಕ್ಕತಾಯಮ್ಮ,
'ನಮ್ಮವ್ವಂಗೂ ಹಿಂಗೇ ಇತ್ತು.'

ಯಾರೂ ಮಾತಾಡಲಿಲ್ಲ.
ಇಸ್ತ್ರಿಪೆಟ್ಟಿಗೆಯೊಳಗೆ ಇದ್ದಿಲು ಚಿಟ್ ಅಂತು.
ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ ಅವಳೇ ನಕ್ಕಳು:
'ಎಲೆ ಎಣ್ಸೀ ಎಣ್ಸೀ ಬಗ್ಗಿರಬೇಕು ಬುಡಿ.
ಅವ್ವಾನೂ ಎಲೆ ಮಾರ್ತಿದ್ಲು.'

ಸೋಮವಾರ ಉತ್ತರ ಬಂತು ನನ್ನ ಕಿಂಡಿಗೆ,
ಡಲ್ಸಿ ಮಿಸ್ ಟೈಪು ಮಾಡಿದ್ದು.
ಒಳಗೆ ಒಂದೇ ಸಾಲಂತೆ: ಇದೆ.
ಯಾರಿಗೆ ಅಂತ ಬರೆದಿಲ್ಲವಂತೆ.
ಕಳಿಸಿದವರ ಜಾಗದಲ್ಲಿ ಮತ್ತೆ ಎರಡೇ ಮಾತು.
ಠಸ್ಸೆ ನಾನೇ ಒತ್ತಿದೆ,
ಒತ್ತುವಾಗ, ಸುಮ್ಮನೆ,
ನನ್ನ ಎಡಗೈಯನ್ನೂ ಒಮ್ಮೆ ನೋಡಿಕೊಂಡೆ.