ಹದಿನೈದು ಕಿಲೋ ತನಕ

ಹಾರ್ಲಿಂಗನ್ ಬಂದರಿನ ಈ ಓಣಿಯಲ್ಲಿ
ಗಾಳಿಗೆ ರಜೆಯಿಲ್ಲ.
ಬಾಗಿಲು ತೆರೆದವರ ಬೆನ್ನಿಗೇ ಅದೂ ಒಳಬಂದು
ಬೆಲೆಚೀಟಿಗಳನ್ನೆಲ್ಲ ಒಮ್ಮೆ ಓದಿ ಹೋಗುತ್ತದೆ,
ಕೊಳ್ಳುವುದಿಲ್ಲ ಮಾತ್ರ.

ಸೈಕಲ್ ಅಂಗಡಿ ನನ್ನದು. ಇಪ್ಪತ್ತೊಂಬತ್ತು ವರ್ಷ.
ಮಗುವಿಗೆ ಸೀಟು ಕೇಳಿ ಬಂದವರಿಗೆ
ಹೇಳುವ ಮಾತು ಬಾಯಿಪಾಠ:
ಬಣ್ಣ ಆಮೇಲೆ ನೋಡಿ, ಮೊದಲು ಪಾದ ನೋಡಿ.
ಚಕ್ರದ ಕಡ್ಡಿಗೆ ಕಾಲು ಸಿಗದ ಹಾಗೆ
ಅಡ್ಡ ಇರಬೇಕು, ಬಿಗಿಯಲು ಪಟ್ಟಿ ಇರಬೇಕು.
ಬೆನ್ನಿಗೆ ಚೀಲ ಹಾಕಬೇಡಿ, ಮಗುವಿನ ಮೂಗಿಗೆ ಬಡಿಯುತ್ತದೆ.
ಹಳೇ ಸೀಟು ಅಗ್ಗಕ್ಕೆ ಸಿಕ್ಕರೆ ಕೇಳಿ,
ಎಷ್ಟು ಸಲ ಬಿದ್ದಿದೆ ಅಂತ.
ಪ್ಲಾಸ್ಟಿಕ್ಕು ತನ್ನ ಬಿರುಕನ್ನು ಒಳಗೇ ಇಟ್ಟುಕೊಳ್ಳುತ್ತದೆ,
ನಮ್ಮಪ್ಪನ ಹಾಗೆ.

ಬೌಕ್ಯೆಗೆ ಇದೊಂದೂ ಹೇಳಬೇಕಿರಲಿಲ್ಲ.
ಹಿಡ್ಡೆ ಕತ್ತು ನೆಟ್ಟಗೆ ಮಾಡಿ ಕೂರಲು ಕಲಿತ ಬೇಸಿಗೆ
ಮುಂದಿನ ಸೀಟು ಒಯ್ದಿದ್ದಳು ನನ್ನಿಂದಲೇ,
ಹ್ಯಾಂಡಲ್ಲಿನ ಹಿಂದೆ, ಅವಳ ಎರಡು ತೋಳಿನ ನಡುವೆ.
ಹುಟ್ಟಿನಿಂದ ಕಿವಿ ಕೇಳದು ಅವಳಿಗೆ.
ಅಳುವನ್ನು ಕಣ್ಣಿನಿಂದಲೇ ಕೇಳಬೇಕು.
ಭುಜ ಕುಲುಕಿದರೆ ನಗು,
ಕತ್ತು ವಾಲಿದರೆ ನಿದ್ದೆ,
ಕಿವಿ ಕೆಂಪಾದರೆ ಮನೆಗೆ ತಿರುಗುವ ಹೊತ್ತು.

ಈ ಮಂಗಳವಾರ ಬಂದಾಗ
ಹುಡುಗನ ಮಂಡಿ ಹ್ಯಾಂಡಲ್ಲಿಗೆ, ತಲೆ ಅವಳ ಗದ್ದಕ್ಕೆ.
ಅಪ್ಪ ಸೀಗಡಿ ತೂಗುತ್ತಿದ್ದ ತಕ್ಕಡಿ ಒಳಕೋಣೆಯಲ್ಲಿದೆ.
ಕೂರಿಸಿದೆ. ಮುಳ್ಳು ಹದಿನೈದು ದಾಟಿ
ಇನ್ನೂ ಅರ್ಧ ನಡೆದು ನಿಂತಿತು.
ಬೂಟು ಬಿಚ್ಚಿಸಿದಳು. ಕೋಟು ಬಿಚ್ಚಿಸಿದಳು.
ಚಡ್ಡಿಜೇಬಿನಿಂದ ಹನ್ನೊಂದು ಕಪ್ಪೆಚಿಪ್ಪು ತೆಗೆದಿಟ್ಟಳು.
ಆದರೂ ಹದಿನೈದು, ಮೇಲೊಂದು ಎಳೆ.
ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು.
ನಾನು ತುಟಿ ಬಿಚ್ಚಲಿಲ್ಲ.

ಮೂರು ಗಾಲಿಯ, ಮುಂದೆ ಮರದ ಪೆಟ್ಟಿಗೆಯಿರುವ ಬಂಡಿ ತೋರಿಸಿದೆ.
ಬೆಲೆ ಓದಿದಳು, ಗಾಳಿಯ ಹಾಗೆ.
ದುಂಡು ಕನ್ನಡಿ ತಂದು ಸಿಕ್ಕಿಸಿದೆ.
ಹಿಂದಿನ ಲಾರಿ ಕಂಡೀತು ಅದರಲ್ಲಿ;
ಮಗ ಕಾಣಬೇಕಾದರೆ ಅವಳೇ ಅಡ್ಡ.
ಕೊನೆಗೆ ಹಿಂದಿನ ಸೀಟು, ಇಪ್ಪತ್ತೆರಡು ಕಿಲೋ ತನಕ,
ಅವಳ ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ ಕ್ಯಾರಿಯರಿಗೆ ಬಿಗಿದೆ.
ಬಿಲ್ಲಿನ ಪುಸ್ತಕ ಎಳೆದುಕೊಂಡು ಬರೆದಳು:
ಹಿಂದೆ ಕೂತು ಕರೆದರೆ
ನನಗೆ ಹೇಗೆ ಗೊತ್ತಾಗಬೇಕು?

ಉತ್ತರಕ್ಕೆ ನಾನು ಪೆನ್ನು ಹುಡುಕುತ್ತಿದ್ದಾಗ
ಹಿಡ್ಡೆ ಬರಿಗಾಲಲ್ಲೇ ಪೆಡಲ್ ಹತ್ತಿ, ಕ್ಯಾರಿಯರ್ ಹತ್ತಿ,
ಸೀಟಿನಲ್ಲಿ ಕೂತಾಗಿತ್ತು.
ಅಮ್ಮನ ಬೆನ್ನು ಕೈಯಳತೆಯಲ್ಲಿ.
ಬಾಗಿಲು ತಟ್ಟಿದ ಹಾಗೆ ತಟ್ಟಿದ, ಎರಡು ಸಲ.
ತಿರುಗಿದಳು.
ಕಿಟಕಿಯಾಚೆ ಕಡಲಹಕ್ಕಿ, ಬಾಯಲ್ಲಿ ಯಾರದೋ ಆಲೂಗಡ್ಡೆ.

ಆಮೇಲೆ ಅರ್ಧ ಗಂಟೆ ನನ್ನ ಅಂಗಡಿಯಲ್ಲಿ
ಎಲ್ಲಿಗೂ ಹೋಗದ ಸೈಕಲ್ ತುಳಿದರು ತಾಯಿ ಮಗ.
ಒಂದು ತಟ್ಟಿದರೆ: ನೋಡು.
ಎರಡು: ನಿಲ್ಲು.
ಮೂರು ಅಂದರೆ ಉಚ್ಚೆ, ಅದನ್ನು ಅವನೇ ಸೇರಿಸಿದ.
ಅಂಗೈ ಚಪ್ಪಟೆ ಇಟ್ಟು ಸುಮ್ಮನಿದ್ದರೆ
ಏನು ಅಂತ ಅವಳು ಕೈಸನ್ನೆಯಲ್ಲಿ ಕೇಳಿದಳು.
ಏನಿಲ್ಲ, ಅಂದವು ಅವನ ಪುಟ್ಟ ಕೈ.

ಬೆನ್ನಿಗೆ ಚೀಲ ಹಾಕಬೇಡ, ಅಂದೆ ಅವಳಿಗೂ.
ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ
ಮೂಗಿನ ಕಾರಣ ಹೇಳಲಿಲ್ಲ.

ಹಳೇ ಸೀಟು ನನಗೇ ಬಿಟ್ಟಳು.
ವ್ಯಾಪಾರಿ ಬುದ್ಧಿ; ಎಷ್ಟು ಸಲ ಬಿದ್ದಿದೆ, ಬರೆದು ಕೇಳಿದೆ.
ಸೊನ್ನೆ ಬರೆದಳು.
ಬಾಗಿಲ ತನಕ ಹೋಗಿ, ವಾಪಸು ಬಂದು,
ಸೊನ್ನೆ ಹೊಡೆದು ಒಂದು ಎಂದು ಬರೆದಳು.

ಇನ್ನದನ್ನು ಮಾರುವ ಹಾಗಿಲ್ಲ.
ಮೊಳೆಗೆ ನೇತು ಹಾಕಿದ್ದೇನೆ.
ಯಾರಾದರೂ ಬಾಗಿಲು ತೆಗೆದರೆ
ತುಸು ತೂಗುತ್ತದೆ.