ಹದಿನೇಳನೆಯ ತಟ್ಟೆ

ಭಾನುವಾರ ಬ್ರೆಡ್ಡಿನ ಕೆಲಸ ಮುಗಿದ ಮೇಲೂ
ಒಲೆಯ ಹೊಟ್ಟೆಯಲ್ಲಿ ಬಿಸಿ ಉಳಿದಿರುತ್ತದೆ.
ಅದನ್ನು ಸುಮ್ಮನೆ ಆರಲು ಬಿಡುವುದು ಪಾಪವೆಂದು
ನನ್ನಜ್ಜ ಊರಿಗೆಲ್ಲ ಹೇಳಿದ್ದನಂತೆ.
ಹಾಗಾಗಿ ಚರ್ಚಿನ ಗಂಟೆಗೆ ಮುಂಚೆ
ನಾಕ್ಸೊಸ್ ದ್ವೀಪದ ಈ ಗುಡ್ಡದೂರಿನ ಹೆಂಗಸರು
ತಲೆಗೊಂದು ಸ್ಕಾರ್ಫು ಬಿಗಿದು, ಸೊಂಟಕ್ಕೊಂದು ತಟ್ಟೆ ಆನಿಸಿ
ಮೆಟ್ಟಿಲಿಳಿದು ಬರುತ್ತಾರೆ.

ನಾನು ಸೀಮೆಸುಣ್ಣದಲ್ಲಿ ನಂಬರು ಬರೆಯುತ್ತೇನೆ.
ಬರೆಯಬೇಕೆಂದೇನಿಲ್ಲ. ಹೆಚ್ಚಿದ ತರಕಾರಿಗೂ
ಒಂದು ಕೈಬರಹವಿದೆ.

ಅರ್ಗಿರೊಳ ಸಿಹಿಕುಂಬಳ ಸಿಪ್ಪೆ ಸಮೇತ, ದಪ್ಪ ದಪ್ಪ;
ಆರು ಮಕ್ಕಳ ಮನೆಯ ಅವಸರ.
ಸ್ತಮಾತಿಯ ಬದನೆಯಲ್ಲಿ ಎಣ್ಣೆ ಕಡಿಮೆಯಾದರೆ
ಮಗನ ದೋಣಿ ಬರಿಗೈಲಿ ಬಂತೆಂದು ಲೆಕ್ಕ.
ಪಾದ್ರಿಯ ಹೆಂಡತಿ ಆಲೂಗಡ್ಡೆಯ ಅಡಿಯಲ್ಲಿ
ಉಪವಾಸದ ಕಾಲದಲ್ಲೂ ಒಂದು ತುಂಡು ಸಾಸೇಜು ಬಚ್ಚಿಡುತ್ತಾಳೆ.
ನನಗೆ ಗೊತ್ತು, ಒಲೆಗೆ ಗೊತ್ತು.
ಒಲೆ ಬಾಯಿ ತೆರೆದರೂ ಆಡುವುದಿಲ್ಲ.

ಕಲಿರೋಯಿಯ ತಟ್ಟೆ ಹದಿನೇಳು.
ಕ್ಯಾರೆಟ್ಟು, ಬೀಟ್‌ರೂಟು, ಎಳೆ ಈರುಳ್ಳಿ,
ಒಂದೊಂದೂ ಕಿರುಬೆರಳಿನಷ್ಟು, ಅಳೆದಿಟ್ಟ ಹಾಗೆ;
ದ್ರಾಕ್ಷಿರಸ ಕುದಿಕುದಿದು ಕಪ್ಪಾದ ಪಾಕ,
ಹರಳುಪ್ಪು, ಚೂರು ವಿನಿಗರ್, ಗುಡ್ಡದ ಥೈಮ್ ಎಲೆ.
ಪಾಕ ಸುಟ್ಟು ಅಂಚಿಗೆ ಹತ್ತುವ ಹೊತ್ತಿಗೆ
ಉಪ್ಪು ಯಾವುದು, ಸಿಹಿ ಯಾವುದು,
ನಾಲಿಗೆಗೇ ಜಗಳ.
ಉಪ್ಪಿಗಿಂತ ರುಚಿಯಿಲ್ಲ ಅನ್ನುವವರು
ಅವಳ ತಟ್ಟೆಯ ಮೂಲೆ ಕೆರೆದು ನೋಡಬೇಕು.
(ನಾನು ಕೆರೆದಿದ್ದೇನೆ, ಇಪ್ಪತ್ತು ವರ್ಷ.
ಬೇಕರಿಯವನ ಸುಂಕ ಅದು.)

ಈ ಫೆಬ್ರವರಿಯ ಮೊದಲ ಭಾನುವಾರ ಅವಳು ಬರಲಿಲ್ಲ.
ತಟ್ಟೆ ತಂದವನು ಗಂಡ, ನಿಕಿತಾಸ್,
ಆಯುಸ್ಸೆಲ್ಲ ಸರಕು ಹಡಗಿನ ಎಂಜಿನ್ ರೂಮಿನಲ್ಲಿ ಕಳೆದವನು.
ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.
"ಅವಳಿಗೆ ಕೈ ನಡುಗುತ್ತದೆ," ಅಂದ, ನೆಲ ನೋಡುತ್ತ,
"ಚಾಕು ಮುಟ್ಟಬೇಡ ಅಂದಿದ್ದಾರೆ ಡಾಕ್ಟರು.
ಕುರ್ಚಿಯಲ್ಲಿ ಕೂತು ಹೇಳಿದಳು. ನಾನು ಹೆಚ್ಚಿದೆ."

ಮುಚ್ಚಿದ ಬಟ್ಟೆ ಸರಿಸಿ ನೋಡಿದೆ.
ದೇವರೇ.
ಒಂದು ಕ್ಯಾರೆಟ್ಟು ಬೋಲ್ಟಿನಷ್ಟು, ಒಂದು ವಾಷರಿನಷ್ಟು,
ಬೀಟ್‌ರೂಟೊಂದು ಇಡಿಯಾಗಿ
ಈರುಳ್ಳಿಯ ಹಿಂದೆ ತಲೆಮರೆಸಿಕೊಂಡಿತ್ತು.
ಉಪ್ಪು ಎರಡು ಸಲ ಬಿದ್ದಿತ್ತು,
ಪಾಕ ಬಿದ್ದೇ ಇರಲಿಲ್ಲ.

ತೆಳ್ಳಗಿನದು ಕರಕಾಗುವ ಹೊತ್ತಿಗೆ
ದಪ್ಪನೆಯದು ಇನ್ನೂ ಹಸಿ.
ಒಲೆಗೇನು, ಅದಕ್ಕೆ ಭೇದವಿಲ್ಲ;
ಹದ ನೋಡಬೇಕಾದವನು ನಾನು.
ಆವತ್ತು ಮೇಲೆ ಚರ್ಚಿನಲ್ಲಿ ಎಲ್ಲ ಎದ್ದು ನಿಂತು ಹಾಡುವಾಗ
ಹದಿನೇಳನೆಯ ತಟ್ಟೆಯನ್ನು ಮೂರು ಸಲ ಹೊರಗೆಳೆದೆ.
ವಾಷರುಗಳನ್ನು ಮೊದಲೇ ಆರಿಸಿ ತೆಗೆದಿಟ್ಟೆ,
ಬೀಟ್‌ರೂಟನ್ನು ನಾಲ್ಕಾಗಿ ಸೀಳಿದೆ,
ಮೇಲಿನ ಉಪ್ಪನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ,
ನನ್ನ ಹೆಂಡತಿಯ ಶೀಶೆಯಿಂದ ಪಾಕ
ಒಂದು ಚಮಚ. ಕೈ ತಡೆಯದೆ ಇನ್ನೊಂದು.
ಕೊನೆಗೆ ಎಲ್ಲವನ್ನೂ ಮತ್ತೆ ಕೂಡಿಸಿ, ಮುಚ್ಚಿ,
ಏನೂ ಅರಿಯದವನಂತೆ ನಂಬರು ಕೂಗಿದೆ.

ನಿಕಿತಾಸ್ ಮೂಸಿ ನೋಡಿದ.
"ಎಂಜಿನ್ನಿಗಿಂತ ಸುಲಭ," ಅಂದ.
ನಾನೂ ಹೂಂ ಅಂದೆ.

ಮುಂದಿನ ಭಾನುವಾರ ಬೋಲ್ಟುಗಳು ಸಣ್ಣವಾಗಿದ್ದವು.
ಅದರಾಚೆಯ ಭಾನುವಾರ ಪಾಕವೂ ಬಿದ್ದಿತ್ತು, ಒಂದೇ ಕಡೆ, ಮಡುವಾಗಿ.
ಬೆರಳಿನ ಬಟ್ಟೆ ಹೋಗಿ ಗಾಯದ ಗೆರೆ ಉಳಿದಿತ್ತು.
ನಾನು ಎರಡೇ ಸಲ ಹೊರಗೆಳೆದೆ.

ಈಸ್ಟರಿಗೆ ಒಂದು ವಾರವಿರುವಾಗ
ತಟ್ಟೆಯ ಅಡಿಗೆ ಅಂಟಿಸಿದ ಒಂದು ಚೀಟಿ,
ಅಕ್ಷರ ನಮ್ಮೂರ ದಾರಿಯಂತೆ ಅಂಕುಡೊಂಕು:

"ಬೇಕರಿಯವನೇ,
ಮದುವೆಯಾದಾಗಿನಿಂದ ಒಂದೂವರೆ ಚಮಚ ಹಾಕಿದವಳು ನಾನು.
ಆವತ್ತು ಎರಡು ಹೆಚ್ಚಾಯಿತು.
ಅವನಿಗೆ ಹೇಳಬೇಡ.
ಮೂಲೆ ಎಂದಿನಂತೆ ಕೆರೆದುಕೋ."